ಬಿಡಲೊಲ್ಲದ ಬ್ರೇಕು

ಬ್ರೇಕಿಗೆ ಎರಡು ಧರ್ಮಗಳುಂಟು. ಬೇಕೆಂದಾಗ ಹಿಡಿಯುವುದೊಂದು, ಸಾಕೆಂದಾಗ ಬಿಡುವುದೊಂದು. ಯಂತ್ರಶಾಸ್ತ್ರದ ಚರಿತ್ರಕಾರರು ಮೊದಲನೆಯದನ್ನೇ ಕೊಂಡಾಡುತ್ತ ಬಂದಿರುವರಾದರೂ, ವರ್ಷದ ಅರ್ಧಭಾಗ ಮಂಜು, ತುಂತುರು, ಶೀತಗಳಲ್ಲಿ ತೊಯ್ದಿರುವ ಇಂಗ್ಲೆಂಡಿನಲ್ಲಿ ಮೋಟಾರು ಇಟ್ಟುಕೊಂಡವರನ್ನು ಹೆಚ್ಚು ಕಾಡಿದ್ದು ಎರಡನೆಯದೇ. ಹಿಡಿತವನ್ನು ಬಲಪಡಿಸಲೆಂದು ಮಾಡಿದ ಒಂದೊಂದು ಸುಧಾರಣೆಯೂ ಅಲ್ಲಿ ತೇವದ ಪ್ರವೇಶಕ್ಕೆ ಒಂದೊಂದು ಹೊಸ ದಾರಿಯನ್ನು ಮಾಡಿಕೊಟ್ಟಿತು.

ಕುದುರೆಗಾಡಿಯ ಕಾಲದಲ್ಲಿ ಈ ತೊಡಕು ಇದ್ದಿಲ್ಲ. ಡರ್ಬಿಷೈರಿನ ಗುಡ್ಡಗಳ ಇಳಿಜಾರಿನಲ್ಲಿ ಗಾಡಿಯವರು ಚಕ್ರದ ಕಬ್ಬಿಣದ ಪಟ್ಟಿಗೆ ಮರದ ಕೊರಡನ್ನು ಒತ್ತಿ ವೇಗವನ್ನು ತಡೆಯುತ್ತಿದ್ದರು. ಕೊರಡು ಜಾರದಿರಲೆಂದು ಅದಕ್ಕೆ ಹಳೆಯ ಬೂಟಿನ ತೊಗಲನ್ನು ಜಡಿಯುತ್ತಿದ್ದುದನ್ನು ಕಂಡ ಹರ್ಬರ್ಟ್ ಫ್ರೂಡ್ ಎಂಬಾತನು 1897ರಲ್ಲಿ ಅದಕ್ಕಿಂತ ಮೇಲಾದ ಲೈನಿಂಗನ್ನು ಮಾಡಹೊರಟು, ಮುಂದೆ ಫೆರೋಡೊ ಎಂಬ ಹೆಸರಿನಿಂದ ಲೋಕಪ್ರಸಿದ್ಧವಾದ ಉದ್ಯಮಕ್ಕೆ ಮೂಲಪುರುಷನಾದನು. ಮಳೆ ಬಂದರೆ ಅಂತಹ ಬ್ರೇಕು ಜಾರುತ್ತಿತ್ತೇ ಹೊರತು ಕಚ್ಚಿಕೊಳ್ಳುತ್ತಿರಲಿಲ್ಲ. 1902ರಲ್ಲಿ ಫ್ರಾನ್ಸಿನ ಲೂಯಿ ರೆನೋ ಲೈನಿಂಗು ಹೊತ್ತ ಬ್ರೇಕಿನ ಶೂಗಳನ್ನು ಚಕ್ರದೊಡನೆ ತಿರುಗುವ ಡ್ರಮ್ಮಿನ ಒಳಗೆ ಅಡಗಿಸಿದ ತರುವಾಯ ಕೆಸರೇನೋ ಹೊರಗುಳಿಯಿತು. ಆದರೆ ಹೇಗೋ ಒಳಹೊಕ್ಕ ನೀರು ಸುಲಭದಲ್ಲಿ ಒಣಗದಾಯಿತು.

ಡ್ರಮ್ಮು ಎರಕದ ಕಬ್ಬಿಣದ್ದು. ಒದ್ದೆ ರಸ್ತೆಯಲ್ಲಿ ಬಂದ ಕಾರನ್ನು ಸಂಜೆ ನಿಲ್ಲಿಸಿ ಹ್ಯಾಂಡ್‌ಬ್ರೇಕ್ ಎಳೆದರೆ, ತೇವಗೊಂಡ ಲೈನಿಂಗು ಆ ಕಬ್ಬಿಣಕ್ಕೆ ಒತ್ತಿಕೊಂಡು ರಾತ್ರಿಯಿಡೀ ಕುಳಿತಿರುತ್ತದೆ; ಆ ಸಂದಿನಲ್ಲಿ ಹುಟ್ಟಿದ ತುಕ್ಕು ಎರಡನ್ನೂ ಬೆಸೆದುಬಿಡುತ್ತದೆ; ಚಳಿ ಇನ್ನೂ ಕಡುವಾದರೆ ಕೇಬಲ್ಲಿನ ಕವಚದೊಳಗಿನ ನೀರೂ ಹೆಪ್ಪುಗಟ್ಟಿ, ಲಿವರ್ ಇಳಿಸಿದರೂ ಶೂ ಹಿಂದೆ ಸರಿಯದು. ಬೆಳಿಗ್ಗೆ ಗಾಡಿ ಹೊರಡುವಾಗ ಹಿಂದಿನ ಚಕ್ರದಿಂದ ‘ಟಕ್’ ಎಂಬ ಸದ್ದು ಕೇಳಿಸಿದರೆ ಪುಣ್ಯ. ಕೇಳಿಸದಿದ್ದರೆ ಡ್ರಮ್ಮಿಗೆ ಸುತ್ತಿಗೆಯ ಏಟೇ ಗತಿ. ಆದುದರಿಂದ ಅನುಭವಸ್ಥರು ಚಳಿಗಾಲದ ರಾತ್ರಿ ಹ್ಯಾಂಡ್‌ಬ್ರೇಕಿನ ಗೋಜಿಗೆ ಹೋಗದೆ, ಗಾಡಿಯನ್ನು ಗೇರಿನಲ್ಲಿಟ್ಟು ಚಕ್ರಕ್ಕೆ ಇಟ್ಟಿಗೆ ಕೊಡುವುದನ್ನು ರೂಢಿಮಾಡಿಕೊಂಡರು. ಮಳೆ ಹಿಡಿದ ಮಲೆನಾಡಿನಲ್ಲಿ ವಾರಗಟ್ಟಲೆ ಕಾರನ್ನು ನಿಲ್ಲಿಸಿದವರಿಗೂ ಈ ಉಪಾಯ ಹೊಸದಲ್ಲ.

ಸರಳು ತಂತಿಗಳಿಗೆ ಬದಲಾಗಿ ದ್ರವದ ಮೂಲಕ ಒತ್ತಡವನ್ನು ಸಾಗಿಸುವ ಬ್ರೇಕನ್ನು ಅಮೆರಿಕದ ಮಾಲ್ಕಮ್ ಲಾಕ್‌ಹೀಡ್ ರೂಪಿಸಿದನು. 1921ರಲ್ಲಿ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕೂ ಚಕ್ರಗಳಿಗೆ ಅದು ಬಂದಾಗ, ತುಕ್ಕು ತಿನ್ನುವ ಕೀಲುಗಳ ಕಾಲ ಮುಗಿಯಿತೆಂದು ಯಾರಾದರೂ ಭಾವಿಸಿದ್ದರೆ ಅದು ಸಹಜವೇ. ಆಗಿನ ಬ್ರೇಕ್ ದ್ರವದಲ್ಲಿ ನಮ್ಮ ಹರಳೆಣ್ಣೆಯನ್ನು ಮದ್ಯಸಾರದೊಡನೆ ಬೆರೆಸುತ್ತಿದ್ದರೆಂದರೆ, ಎಳವೆಯಲ್ಲಿ ಮೂಗು ಹಿಡಿದು ಅದನ್ನು ನುಂಗಿದವರು ನಂಬಲಾರರು. ಆಮೇಲೆ ಬಂದ ಗ್ಲೈಕಾಲ್ ದ್ರವಕ್ಕಾದರೋ ಗಾಳಿಯ ತೇವವನ್ನು ಹೀರುವುದೇ ಸ್ವಭಾವ. ರಬ್ಬರಿನ ಹೋಸಿನ ಮೂಲಕವೂ ಅದು ನೀರನ್ನು ಸೆಳೆದುಕೊಂಡು, ಸಿಲಿಂಡರು ಪಿಸ್ಟನ್‌ಗಳನ್ನು ಒಳಗಿನಿಂದಲೇ ತುಕ್ಕಿಗೆ ಒಪ್ಪಿಸುತ್ತದೆ. 1955ರಲ್ಲಿ ಪ್ಯಾರಿಸಿನ ಪ್ರದರ್ಶನದಲ್ಲಿ ಬೆರಗು ಹುಟ್ಟಿಸಿದ ಸಿಟ್ರೊಯೆನ್ ಡಿಎಸ್ ಕಾರು ತನ್ನ ಬ್ರೇಕು, ಸಸ್ಪೆನ್ಷನ್ ಮೊದಲಾದುವನ್ನೆಲ್ಲ ಒಂದೇ ದ್ರವದ ವಶಕ್ಕೆ ಕೊಟ್ಟು, 1960ರ ದಶಕದಲ್ಲಿ ನೀರು ಹೀರದ ಹಸಿರು ಖನಿಜತೈಲವನ್ನು ಆಶ್ರಯಿಸಬೇಕಾಯಿತು.

1953ರ ಲ ಮಾನ್ ಕಾರುಪಂದ್ಯದಲ್ಲಿ, ತಿರುಗುವ ತಟ್ಟೆಯನ್ನು ಎರಡೂ ಕಡೆಯಿಂದ ಪ್ಯಾಡುಗಳು ಒತ್ತಿಹಿಡಿಯುವ ಡನ್‌ಲಪ್ ಡಿಸ್ಕ್ ಬ್ರೇಕುಗಳುಳ್ಳ ಜಾಗ್ವಾರ್ ಗೆದ್ದ ಮೇಲೆ ಡ್ರಮ್ಮಿನ ಪ್ರಭಾವ ಇಳಿಮುಖವಾಯಿತು. ತೆರೆದ ಡಿಸ್ಕಿನ ಮೇಲೆ ಒಂದೇ ರಾತ್ರಿಯಲ್ಲಿ ಕೆಂದುಬಣ್ಣದ ತುಕ್ಕು ಹರಡಿದರೂ ಬೆಳಗಿನ ಮೊದಲ ಒಂದೆರಡು ಬ್ರೇಕಿಗೆ ಉಜ್ಜಿಹೋಗುವುದು. ಆದರೆ ಹಿಮ ಕರಗಿಸುವುದಕ್ಕೆ ರಸ್ತೆಗೆ ಉಪ್ಪು ಚೆಲ್ಲುವ ರೂಢಿಯೂ ಅಷ್ಟರಲ್ಲಿ ಬಲವಾಗುತ್ತಲಿತ್ತು. ಚೆಷೈರಿನ ವಿನ್ಸ್‌ಫರ್ಡ್ ಗಣಿಯ ಕಲ್ಲುಪ್ಪು ಇಂದಿಗೂ ಬ್ರಿಟನ್ನಿನ ರಸ್ತೆಗಳ ಮೇಲೆ ಬೀಳುತ್ತಿದೆ. ಬ್ರೇಕಿನ ಪಾಲಿಗೆ ಮಳೆ ಮಂಜುಗಳಿಗಿಂತ ಮನುಷ್ಯನು ತಾನೇ ಚೆಲ್ಲಿದ ಈ ಉಪ್ಪೇ ದೊಡ್ಡ ಶತ್ರುವೆಂದು ನನ್ನ ಮತ. ಉಪ್ಪುನೀರು ವಿದ್ಯುದ್ವಾಹಕವಾದುದರಿಂದ ತುಕ್ಕಿನ ರಾಸಾಯನಿಕ ಕ್ರಿಯೆ ತೀವ್ರವಾಗುತ್ತದೆ. ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಕ್ಯಾಲಿಪರ್ ಜಾರಬೇಕಾದ ಪಿನ್ನುಗಳು ಹಿಡಿದುಕೊಂಡು, ಒಂದೇ ಕಡೆಯ ಪ್ಯಾಡು ಸವೆದು, ಚಕ್ರ ಕಾದು ವಾಸನೆ ಹೊಡೆದಾಗಲೇ ಯಜಮಾನನಿಗೆ ಸುದ್ದಿ ತಿಳಿಯುವುದು.

ವಿದ್ಯುತ್ ಕಾರು ಈ ಕತೆಯನ್ನು ಮತ್ತೊಮ್ಮೆ ತಿರುಗಿಸಿದೆ. ನಿಧಾನಿಸುವಾಗ ಅದರ ಮೋಟಾರೇ ಜನರೇಟರಾಗಿ ಬ್ಯಾಟರಿಗೆ ವಿದ್ಯುತ್ತನ್ನು ಮರಳಿಸುವುದರಿಂದ ಬ್ರೇಕಿಗೆ ಕೆಲಸ ಕಡಿಮೆ, ಡಿಸ್ಕಿನ ತುಕ್ಕನ್ನು ಉಜ್ಜುವವರಿಲ್ಲ. ಅದಕ್ಕೇ 2020ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಐಡಿ.3 ತನ್ನ ಹಿಂದಿನ ಚಕ್ರಗಳಿಗೆ ಮುಚ್ಚಿದ ಡ್ರಮ್ಮನ್ನೇ ತೊಡಿಸಿಕೊಂಡು ಬಂದಿತು.