ರಾಯಚೂರು ಸೀಮೆಯ ಕ್ರೈಸ್ತರಲ್ಲಿ ನಂಬಿಕೆ, ಸತ್ಕ್ರಿಯೆ ಮತ್ತು ಪೂರ್ವನೇಮಕ

ಮನುಷ್ಯನಿಗೆ ರಕ್ಷಣೆ ದಕ್ಕುವುದು ನಂಬಿಕೆಯಿಂದಲೋ, ಸತ್ಕ್ರಿಯೆಯಿಂದಲೋ, ಅಥವಾ ಯಾರಿಗೆ ದಕ್ಕಬೇಕೆಂಬುದನ್ನು ದೇವರು ಮೊದಲೇ ನೇಮಿಸಿಟ್ಟಿದ್ದಾನೋ? 16ನೆಯ ಶತಮಾನದಲ್ಲಿ ಯುರೋಪಿನ ಚರ್ಚು ಒಡೆದದ್ದು ಈ ಪ್ರಶ್ನೆಯ ಮೇಲೆ. ಆ ಒಡಕಿನ ಎರಡು ಕವಲುಗಳು ರಾಯಚೂರು ಸೀಮೆಗೆ ಬಂದವು. ಆದಿಲ್‌ಶಾಹಿಗಳ ಕಾಲದಲ್ಲಿ ಗೋವೆಯಿಂದ ಮುದಗಲ್ಲಿಗೆ ಕ್ಯಾಥೊಲಿಕ್ ಪಾದ್ರಿಗಳು ಬಂದರು; ನಿಜಾಮರ ಕಾಲದಲ್ಲಿ ರಾಯಚೂರಿಗೆ ಅಮೆರಿಕದ ಮೆಥಡಿಸ್ಟರು ಬಂದರು. ಒಂದಕ್ಕೊಂದು ಒಗ್ಗದ ಈ ಎರಡೂ ಪಂಥಗಳು ಸುಧಾರಕ ಕಾಲ್ವಿನ್ನನ ಕಟ್ಟುನಿಟ್ಟಿನ ಪೂರ್ವನೇಮಕವನ್ನು ಒಪ್ಪದವು ಎಂಬುದೇ ಇಲ್ಲಿನ ಕ್ರೈಸ್ತ ಚರಿತ್ರೆಯ ವಿಶೇಷ. ಹಣೆಬರಹದ ಮಾತು ಮನೆಮಾತಾಗಿದ್ದ ನೆಲದಲ್ಲಿ ಕ್ರೈಸ್ತ ಬೋಧನೆ ನೆಲೆಯಾದದ್ದು 'ಕರೆ ಎಲ್ಲರಿಗೂ ಇದೆ' ಎಂಬ ರೂಪದಲ್ಲಿ.

ಕಾಲದ ಲೆಕ್ಕವೂ ಇದನ್ನೇ ಹೇಳುತ್ತದೆ. ನಂಬಿಕೆಯೊಂದೇ ಸಾಕು ಎಂಬ ಸುಧಾರಕ ಲೂಥರನ ವಾದಕ್ಕೆ ಕ್ಯಾಥೊಲಿಕರ ಟ್ರೆಂಟ್ ಮಹಾಸಭೆ 1547ರ ಜನವರಿಯಲ್ಲಿ ಉತ್ತರ ಕೊಟ್ಟಿತು. ಮುದಗಲ್ಲಿನ ಕ್ರೈಸ್ತರು ತಮ್ಮ ಮೂಲವನ್ನು ಹೇಳಿಕೊಳ್ಳುವುದು 1557ಕ್ಕೆ, ಅಂದರೆ ಅದಾಗಿ ಹತ್ತೇ ವರ್ಷಕ್ಕೆ. ವರಪ್ರಸಾದವೇ ಮೊದಲು, ಮನುಷ್ಯನ ಪುಣ್ಯದಿಂದ ಅದು ಹುಟ್ಟುವುದಿಲ್ಲ. ಆದರೆ ಅದಕ್ಕೆ ಮನುಷ್ಯ ಒಪ್ಪಬೇಕು, ಒಪ್ಪಿದ ಮೇಲೆ ಮಾಡುವ ಸತ್ಕ್ರಿಯೆಗೆ ದೇವರೆದುರು ಬೆಲೆಯುಂಟು ಎಂಬುದು ಟ್ರೆಂಟಿನ ನಿಲುವು. ವರಪ್ರಸಾದ ಆಯ್ದವರಿಗೆ ಮಾತ್ರ, ಮಿಕ್ಕವರು ಕೇಡಿಗೇ ನೇಮಿತರು ಎಂಬ ಮಾತನ್ನು ಆ ಉತ್ತರದ 33 ವಿಧಿಗಳಲ್ಲಿ 17ನೆಯದು ಖಂಡಿಸುತ್ತದೆ.

ಮೆಥಡಿಸ್ಟರ ವಿಷಯದಲ್ಲಿ ಸಾಕ್ಷ್ಯ ಇನ್ನೂ ನಿಚ್ಚಳವಾಗಿದೆ. ಮೆಥಡಿಸ್ಟ್ ಪಂಥದ ಮೂಲಪುರುಷ ಜಾನ್ ವೆಸ್ಲಿ 1739ರಲ್ಲಿ ಬ್ರಿಸ್ಟಲ್‌ನಲ್ಲಿ ಮಾಡಿದ ಪ್ರಸಂಗದಲ್ಲಿ ಕೃಪೆ ಎಲ್ಲರಿಗೂ ಉಚಿತ ಎಂದು ಸಾರಿ, ಜೊತೆಗಾರ ವೈಟ್‌ಫೀಲ್ಡನ ವಿರೋಧ ಕಟ್ಟಿಕೊಂಡ. 1784ರಲ್ಲಿ ಅಮೆರಿಕದ ಸಭೆಗಾಗಿ ಇಂಗ್ಲಿಷ್ ಚರ್ಚಿನ 39 ನಿಯಮಗಳನ್ನು ಮೊಟಕುಗೊಳಿಸಿದಾಗ ಪೂರ್ವನೇಮಕದ 17ನೆಯ ನಿಯಮವನ್ನು ಪೂರ್ತಿ ಕೈಬಿಟ್ಟ. ಆದರೆ ಸತ್ಕ್ರಿಯೆಯ ನಿಯಮವನ್ನು ಉಳಿಸಿಕೊಂಡ: ಒಳ್ಳೆಯ ಕೆಲಸ ಪಾಪ ಕಳೆಯದು, ಆದರೆ ನಿಜವಾದ ನಂಬಿಕೆಯ ಮರದಲ್ಲಿ ಅದು ಬಿಟ್ಟೇ ಬಿಡುವ ಹಣ್ಣು. ಅಮೆರಿಕದ ಮಿಷನರಿಗಳು ರಾಯಚೂರಿಗೆ ತಂದದ್ದು ಈ ನಿಯಮಾವಳಿಯನ್ನೇ.

ಇನ್ನು, ಜೀವರ ಗತಿ ಮೊದಲೇ ನಿಶ್ಚಿತವಾಗಿದೆ ಎಂಬ ವಿಚಾರ ಈ ಸೀಮೆಯಲ್ಲಿ ಆಳವಾಗಿ ಬೇರೂರಿದ್ದು ದಾಸಸಾಹಿತ್ಯದಲ್ಲಿ. ಮಾನ್ವಿಯ ಜಗನ್ನಾಥದಾಸರು (1728–1809) ಭಾಮಿನಿ ಷಟ್ಪದಿಯಲ್ಲಿ ಬರೆದ 'ಹರಿಕಥಾಮೃತಸಾರ' ಮಧ್ವಮತದ ತಾರತಮ್ಯವನ್ನು ಕನ್ನಡಕ್ಕಿಳಿಸಿತು. ಮುಕ್ತಿಯೋಗ್ಯರು, ನಿತ್ಯಸಂಸಾರಿಗಳು, ತಮೋಯೋಗ್ಯರು ಎಂಬ ವಿಂಗಡಣೆಯನ್ನು ಕಂಡ ಪಾಶ್ಚಾತ್ಯ ವಿದ್ವಾಂಸರು ಕಾಲ್ವಿನ್ನನನ್ನು ನೆನೆದದ್ದುಂಟು, ಕೆಲವರು ಕ್ರೈಸ್ತ ಪ್ರಭಾವವನ್ನೂ ಶಂಕಿಸಿದರು. ಹೋಲಿಕೆ ಮೇಲುನೋಟದ್ದು. ಮಧ್ವಮತದ ಜೀವ ಅನಾದಿ. ಅದರ ಯೋಗ್ಯತೆ ಅದರದೇ ಸ್ವರೂಪ, ದೇವರು ಹೊರಗಿನಿಂದ ಹೇರಿದ್ದಲ್ಲ. ಕಾಲ್ವಿನ್ನನಲ್ಲಿ ಜೀವವನ್ನು ಸೃಷ್ಟಿಸಿದವನೂ ಅದರ ಗತಿಯನ್ನು ತೀರ್ಮಾನಿಸಿದವನೂ ಒಬ್ಬನೇ. ಇಷ್ಟಾಗಿಯೂ ದಾಸಪರಂಪರೆ ವಿಧಿಗೆ ಸುಮ್ಮನೆ ತಲೆಬಾಗಲಿಲ್ಲ. ದೇವದುರ್ಗ ಸೀಮೆಯ ಮೊಸರಕಲ್ಲಿನ ಗೋಪಾಲದಾಸರು ತಮ್ಮ ಆಯುಷ್ಯದ 40 ವರ್ಷಗಳನ್ನು ಜಗನ್ನಾಥದಾಸರಿಗೆ ಧಾರೆಯೆರೆದರೆಂಬ ಕಥೆಯಲ್ಲಿ ಅಳೆದಿಟ್ಟ ಆಯುಸ್ಸೂ ಕೃಪೆಯ ಮುಂದೆ ಮಣಿಯುತ್ತದೆ.

ಕ್ರೈಸ್ತ ಬೋಧನೆ ಇಲ್ಲಿ ಪೂರ್ವನೇಮಕವಿಲ್ಲದೆ ನೆಲೆಯಾಯಿತೆಂಬ ವಾದಕ್ಕೆ ಎರಡು ಆಕ್ಷೇಪಗಳುಂಟು. ಮೊದಲ ಇಡೀ ಕನ್ನಡ ಬೈಬಲ್ 1830ರ ದಶಕದ ಆರಂಭಕ್ಕೆ ಅಚ್ಚಾಗಿ ಮುಗಿದದ್ದು ಪಕ್ಕದ ಬಳ್ಳಾರಿಯಲ್ಲಿ, ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಮತ್ತು ಸಂಗಡಿಗರ ದುಡಿಮೆಯಿಂದ; ಆ ಮಿಷನ್ನಿನ ಬಹುಪಾಲು ಜನ ಕಾಲ್ವಿನ್ನನ ಪಂಥದವರು. ನಿಜ, ಆದರೆ ಗ್ರಂಥ ಬಂದ ದಾರಿಯಲ್ಲೇ ಅದರ ವ್ಯಾಖ್ಯಾನವೂ ಬರಬೇಕೆಂದಿಲ್ಲ. ಪ್ರೊಟೆಸ್ಟಂಟ್ ಕನ್ನಡ ಬೈಬಲ್ 'ಕರ್ಮ' ಎನ್ನದೆ 'ಕ್ರಿಯೆ' ಎಂದಿತು, 'ಮೋಕ್ಷ' ಎನ್ನದೆ 'ರಕ್ಷಣೆ' ಎಂದಿತು. ಜನ್ಮಾಂತರದ ಲೆಕ್ಕವಿಲ್ಲದ ಈ ಪದಗಳು ಮೆಥಡಿಸ್ಟ್ ಬೋಧನೆಗೆ ಸಲೀಸಾಗಿ ಒದಗಿದವು. ಎರಡನೆಯ ಆಕ್ಷೇಪ ಇನ್ನೂ ಗಟ್ಟಿ: ಸಾಮೂಹಿಕವಾಗಿ ದೀಕ್ಷಾಸ್ನಾನ ಪಡೆದ ದಲಿತ ಕೇರಿಗಳಿಗೆ ಬೇಕಾಗಿದ್ದುದು ಅನ್ನ, ಅಕ್ಷರ, ಮಾನ; ಟ್ರೆಂಟೂ ವೆಸ್ಲಿಯೂ ಅವರಿಗೆ ಯಾಕೆ? ಅವರ ಹಸಿವನ್ನು ತತ್ತ್ವದಿಂದ ಮುಚ್ಚಿಹಾಕುವುದು ತಪ್ಪು. ಆದರೆ ಹುಟ್ಟಿನಿಂದಲೇ ಯೋಗ್ಯತೆ ತೀರ್ಮಾನವಾಗಿದೆ ಎಂಬ ಮಾತನ್ನು ದಿನವೂ ಕೇಳಿದವರಿಗೆ, ಯಾರನ್ನೂ ಮೊದಲೇ ಹೊರಗಿಟ್ಟಿಲ್ಲ ಎಂಬ ಮಾತು ಮಾನದ ಮಾತೇ ಆಗಿತ್ತು. ಅನ್ನಾಕ್ಷರಗಳನ್ನೂ ಬೋಧನೆಯನ್ನೂ ಬೇರೆ ಬೇರೆ ತಕ್ಕಡಿಯಲ್ಲಿ ತೂಗಲಾಗದು.

ಒಗ್ಗದ ಈ ಎರಡು ಪಂಥಗಳು ಮುಂದೆ ಹತ್ತಿರವೂ ಬಂದವು. 2006ರಲ್ಲಿ ಸೋಲ್ ನಗರದಲ್ಲಿ ವಿಶ್ವ ಮೆಥಡಿಸ್ಟ್ ಮಂಡಳಿಯು ಕ್ಯಾಥೊಲಿಕರೂ ಲೂಥರನರೂ 1999ರಲ್ಲಿ ಸಹಿ ಹಾಕಿದ್ದ ಜಂಟಿ ಘೋಷಣೆಗೆ ಸೇರಿತು: ಕೃಪೆಯೇ ಮೂಲ, ಸತ್ಕ್ರಿಯೆ ಅದರ ಫಲ. ಆದರೂ ಒಬ್ಬರ ಪುಣ್ಯ ಇನ್ನೊಬ್ಬರಿಗೆ ಸಲ್ಲುವುದೇ ಎಂಬಲ್ಲಿ ದಾರಿ ಕವಲೊಡೆಯುತ್ತದೆ. ನವೆಂಬರ್ 2ರಂದು ಕ್ಯಾಥೊಲಿಕರು ಸತ್ತವರ ಆತ್ಮಗಳಿಗಾಗಿ ಬಲಿಪೂಜೆ ಅರ್ಪಿಸುತ್ತಾರೆ; ಆ ಆತ್ಮಗಳು ಪಾಪ ತೊಳೆದುಕೊಳ್ಳುವ ಶುದ್ಧೀಕರಣ ಸ್ಥಳವನ್ನೇ ನಿರಾಕರಿಸುವ 14ನೆಯ ನಿಯಮ ಮೆಥಡಿಸ್ಟರಲ್ಲಿ ಹಾಗೆಯೇ ಇದೆ.