ಜೊತೆಗಾರ ಇಲ್ಲದ ಹೊತ್ತಿಗೆ ತಾಳದ ಪೆಟ್ಟಿಗೆ

ನಮ್ಮ ಮರಳಿ, ಗಂಗಾವತಿ ಕಡೆ ಭಜನೆ ಅಂದರೆ ಪೇಟಿ, ತಬಲಾ, ತಾಳ. ಜಾತ್ರೆಯ ರಸಮಂಜರಿ ಅಂದರೆ ಕೀಬೋರ್ಡ್, ಪ್ಯಾಡ್, ಬೇಸ್ ಗಿಟಾರ್. ಇವುಗಳಲ್ಲಿ ಒಬ್ಬನೇ ಕೂತು ಕಲಿಯಲು ಬಲು ಕಷ್ಟವಾದದ್ದು ಬೇಸ್. ಡ್ರಮ್ಮಿನ ಪೆಟ್ಟು ಬಿದ್ದ ಕಡೆಗೇ ದಪ್ಪ ಸ್ವರ ಇಡುವುದು ಅದರ ಕೆಲಸ. ಪೆಟ್ಟು ಹಾಕುವವನೇ ಇಲ್ಲದಿದ್ದರೆ ಸ್ವರ ಎಲ್ಲಿ ಇಡುವುದು?

ಡ್ರಮ್ ನುಡಿಸುವ ಗೆಳೆಯ ಬೆಂಗಳೂರಿಗೆ ದುಡಿಯಲು ಹೋಗಿರುತ್ತಾನೆ, ಇಲ್ಲವೇ ನಾಟಿ ಕೆಲಸದಲ್ಲಿ ಇರುತ್ತಾನೆ. ಆಗ ಬ್ಯಾಗಿನಲ್ಲಿ ಹಿಡಿಸುವ ಒಂದು ತಾಳದ ಪೆಟ್ಟಿಗೆ ಕೊಳ್ಳೋಣ ಅನ್ನಿಸುತ್ತದೆ. ಯಾವುದು ಕೊಳ್ಳಬೇಕು ಎಂದು ಕೇಳುವ ಮೊದಲು ಇಂಥ ಪೆಟ್ಟಿಗೆ ಯಾಕೆ ಹುಟ್ಟಿತು ಎಂಬುದನ್ನು ನೋಡೋಣ. ಆ ಕಥೆ ತಿಳಿದವರು ಅಂಗಡಿಯವರ ಮಾತಿಗೆ ಅಷ್ಟು ಸುಲಭಕ್ಕೆ ಬೀಳುವುದಿಲ್ಲ.

ತಾಳ ಹಿಡಿದು ಒಬ್ಬರೇ ಅಭ್ಯಾಸ ಮಾಡುವ ದಾರಿ ನಮಗೆ ಹೊಸದಲ್ಲ. ಆನೆಗೊಂದಿಯ ಎದುರು ದಂಡೆ ಹಂಪಿಯಲ್ಲಿ ಪುರಂದರದಾಸರು ಬಾಳಿದ್ದರು. ಕರ್ನಾಟಕ ಸಂಗೀತದಲ್ಲಿ ಮಕ್ಕಳಿಗೆ ಮೊದಲು ಕಲಿಸುವ ಸರಳೆ, ಜಂಟಿ, ಅಲಂಕಾರಗಳ ಪಾಠಕ್ರಮ ಹಾಕಿಕೊಟ್ಟವರು ಅವರೇ ಎಂಬುದು ಪರಂಪರೆಯ ಮಾತು. ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ಏಳು ತಾಳಗಳಲ್ಲಿ ಸ್ವರಗಳನ್ನು ಹೊರಳಿಸುವುದೇ ಅಲಂಕಾರ. ಇಂದು ಪ್ಯಾಟರ್ನ್ ಹಾಕಿಕೊಂಡು ಪ್ರಾಕ್ಟೀಸ್ ಮಾಡುವುದು ಎನ್ನುತ್ತೇವಲ್ಲ, ಅದೇ ಕೆಲಸ. ಬೇಕಾದ ಸಾಧನ ಬಲಗೈ ಮತ್ತು ತೊಡೆ. ಕರೆಂಟು ಬೇಡ, ರೊಕ್ಕ ಬೇಡ.

ಹಿಂದೂಸ್ತಾನಿಯಲ್ಲಿ ಇನ್ನೊಂದು ಪದ್ಧತಿ ಇದೆ. ತಬಲಾ ಕಲಿಯುವವನಿಗೆ ಪೇಟಿಯವನು ಒಂದೇ ಸಾಲು ಸ್ವರವನ್ನು ಮತ್ತೆ ಮತ್ತೆ ನುಡಿಸುತ್ತಾನೆ. ಅದಕ್ಕೆ ಲೆಹರಾ ಅನ್ನುತ್ತಾರೆ. ಹಾಡುವವನಿಗೆ ತಬಲಾದವನು ಠೇಕಾ ಕೊಡುತ್ತಾನೆ. ಅಂದರೆ ಒಬ್ಬನ ಅಭ್ಯಾಸಕ್ಕೆ ಇನ್ನೊಬ್ಬ ತನ್ನ ಹೊತ್ತು ಕೊಡಲೇಬೇಕು. ಗದಗಿನ ವೀರೇಶ್ವರ ಪುಣ್ಯಾಶ್ರಮದಂಥ ಕಡೆ ಇದಕ್ಕೆ ಕೊರತೆ ಇರಲಿಲ್ಲ. ಪಂಚಾಕ್ಷರ ಗವಾಯಿಗಳು, ಅವರ ನಂತರ ಪುಟ್ಟರಾಜ ಗವಾಯಿಗಳು (1914-2010) ಅಲ್ಲಿ ಅಂಧ ಮಕ್ಕಳಿಗೆ ಸಂಗೀತ ಕಲಿಸಿದರು. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಹಾಡುವವರು, ಪೇಟಿಯವರು, ತಬಲಾದವರು ಒಂದೇ ಸೂರಿನಡಿ ಇದ್ದರು. ಒಂಟಿಯಾಗಿ ಹಳ್ಳಿಯಲ್ಲಿ ಕಲಿಯುವವನಿಗೆ ಆ ಭಾಗ್ಯ ಇಲ್ಲ. ಅವನ ಕೊರತೆ ತುಂಬಲೆಂದೇ ಯಂತ್ರ ಬಂತು.

ಯುರೋಪಿನಲ್ಲಿ 1815ರಲ್ಲಿ ಮೆಲ್ಜೆಲ್ ಎಂಬಾತ ಮೆಟ್ರೋನೋಮಿಗೆ ಪೇಟೆಂಟ್ ಪಡೆದ. ಟಿಕ್, ಟಿಕ್ ಎಂದು ಲಯ ತೋರಿಸುವ ಡಬ್ಬಿ ಅದು. ಲಯ ತೋರಿಸುತ್ತದೆ, ಆದರೆ ತಾಳದ ಸಮ ಎಲ್ಲಿ, ಖಾಲಿ ಎಲ್ಲಿ ಎಂದು ಹೇಳುವುದಿಲ್ಲ. 1959ರಲ್ಲಿ ಅಮೆರಿಕದ ವುರ್ಲಿಟ್ಜರ್ ಕಂಪನಿ ಸೈಡ್‌ಮ್ಯಾನ್ ಎಂಬ ಯಂತ್ರ ಮಾರಾಟಕ್ಕೆ ಬಿಟ್ಟಿತು. ಅದು ವಾಲ್ಟ್ಜ್, ಟ್ಯಾಂಗೋ ಮುಂತಾದ ಡ್ರಮ್ ಪ್ಯಾಟರ್ನ್ ನುಡಿಸುತ್ತಿತ್ತು. ಆದರೆ ಅದನ್ನು ಬ್ಯಾಗಿನಲ್ಲಿ ಹಾಕಿಕೊಂಡು ಹೋಗಲು ಆಗದು. ಅದು ನೆಲದ ಮೇಲೆ ನಿಲ್ಲಿಸುವ ಮರದ ಪೆಟ್ಟಿಗೆ.

ನಮ್ಮ ಕಡೆಯ ಕಥೆ ಬೆಂಗಳೂರಿನಲ್ಲಿ ಶುರುವಾಯಿತು. ಎಂಜಿನಿಯರೂ ಕೊಳಲು ವಾದಕರೂ ಆದ ಜಿ. ರಾಜನಾರಾಯಣ ಅವರು 1979ರಲ್ಲಿ ಎಲೆಕ್ಟ್ರಾನಿಕ್ ತಂಬೂರಿ ಮಾಡಿದರು. ಅವರ ರಾಡೆಲ್ ಕಂಪನಿ ಮುಂದೆ ಮೃದಂಗದ ತಾಳಕ್ಕೆ ತಾಲೋಮೀಟರ್, ತಬಲಾಕ್ಕೆ ತಾಲಮಾಲಾ ಎಂಬ ಪೆಟ್ಟಿಗೆಗಳನ್ನು ತಂದಿತು. ತಾಳ ಆರಿಸಿ, ಲಯ ಹಚ್ಚಿ, ಶ್ರುತಿ ಕೂಡಿಸಿದರೆ ಸಾಕು, ಠೇಕಾ ನಡೆಯುತ್ತದೆ. ಹದಿನಾರು ಮಾತ್ರೆಯ ತೀನ್‌ತಾಲ್, ಏಳರ ರೂಪಕ್, ಹತ್ತರ ಝಪ್‌ತಾಲ್ ಎಲ್ಲ ಅದರೊಳಗೆ ಬಂದವು. ಇದನ್ನು ಮಾಡಿದವರು ಸ್ವತಃ ಅಭ್ಯಾಸಕ್ಕೆ ಕೂತ ವಾದಕರು ಎಂಬುದನ್ನು ಮರೆಯಬಾರದು.

ಹೆಚ್ಚುಕಡಿಮೆ ಅದೇ ಕಾಲಕ್ಕೆ ಜಪಾನಿನಲ್ಲಿ ತಿರುವುಮುರುವಿನ ಕೆಲಸ ನಡೆಯಿತು. ರೋಲ್ಯಾಂಡ್ ಕಂಪನಿ 1981ರಲ್ಲಿ ಟಿಬಿ-303 ಎಂಬ ಚಿಕ್ಕ ಯಂತ್ರ ತಂದಿತು. ಒಂಟಿಯಾಗಿ ಅಭ್ಯಾಸ ಮಾಡುವ ಗಿಟಾರ್ ವಾದಕನಿಗೆ ಬೇಸ್ ನುಡಿಸುವವನ ಬದಲಿಗೆ ಇರಲಿ ಎಂಬುದು ಅದರ ಉದ್ದೇಶ. ಸೆಲ್ ಹಾಕಿಯೂ ನಡೆಸಬಹುದಿತ್ತು. ಆದರೆ ಅದರ ದನಿ ಬೇಸ್ ಗಿಟಾರಿನಂತೆ ಕೇಳಲಿಲ್ಲ, ಸ್ವರ ತುಂಬುವ ರೀತಿ ತಲೆನೋವಿನದು. 1984ರ ಹೊತ್ತಿಗೆ ಕಂಪನಿ ತಯಾರಿಕೆ ನಿಲ್ಲಿಸಿತು. ಆಮೇಲೆ ಅಮೆರಿಕದ ಶಿಕಾಗೋದ ಹುಡುಗರು ಹಳೇ ಪೆಟ್ಟಿಗೆ ಅಗ್ಗಕ್ಕೆ ಕೊಂಡು, ಅದೇ ವಿಚಿತ್ರ ದನಿಯಿಂದ ಹೊಸ ಕುಣಿತದ ಸಂಗೀತ ಕಟ್ಟಿದರು.

ಅದಕ್ಕೂ ಮೊದಲೇ, 1982ರಲ್ಲಿ, ಮುಂಬೈನ ಚರಣ್‌ಜಿತ್ ಸಿಂಗ್ ಅದೇ ಟಿಬಿ-303 ಹಾಗೂ ಟಿಆರ್-808 ಡ್ರಮ್ ಯಂತ್ರ ಇಟ್ಟುಕೊಂಡು ಹತ್ತು ರಾಗಗಳ ರೆಕಾರ್ಡ್ ಮಾಡಿದ್ದರು. ಹಿಂದಿ ಸಿನಿಮಾ ವಾದ್ಯವೃಂದಗಳಲ್ಲಿ ಬೇಸ್ ಗಿಟಾರ್ ನುಡಿಸಿ ಪಳಗಿದ ಕೈ ಅದು. ರೆಕಾರ್ಡ್ ಆಗ ಹೆಚ್ಚು ಮಾರಾಟ ಆಗಲಿಲ್ಲ. 2010ರಲ್ಲಿ ಮತ್ತೆ ಹೊರಬಂದಾಗ ಜಗತ್ತು ಬೆರಗಿನಿಂದ ಕೇಳಿತು. ರಾಗ ಅವರ ತಲೆಯಲ್ಲಿತ್ತು, ಲಯ ಕೈಯಲ್ಲಿತ್ತು. ಯಂತ್ರ ಅದಕ್ಕೆ ಆಮೇಲೆ ಬಂದು ಕೂಡಿಕೊಂಡಿತು.

ಈಗ ಕೊಳ್ಳುವ ಮಾತಿಗೆ ಬರೋಣ. ಈ ಇತಿಹಾಸದಿಂದ ನಾವು ನಾಲ್ಕು ಪರೀಕ್ಷೆ ತೆಗೆದುಕೊಳ್ಳಬಹುದು.

ಮೊದಲನೆಯದು, ತಾಳ. ಬೇಸ್ ಗಿಟಾರಿನ ಜಾಕಿಗೇ ಚುಚ್ಚುವ, ಅಂಗೈಯಲ್ಲಿ ಹಿಡಿಸುವ ಹೆಡ್‌ಫೋನ್ ಆ್ಯಂಪ್‌ಗಳು ಸಿಗುತ್ತವೆ. ವಾಕ್ಸ್ ಕಂಪನಿಯ ಆ್ಯಂಪ್ಲಗ್ ಅಂಥದ್ದು. ಕೆಲವು ಮಾದರಿಗಳಲ್ಲಿ ಡ್ರಮ್ ಪ್ಯಾಟರ್ನ್ ಕೂಡ ಇವೆ. ಆದರೆ ಇಂಥವು ಹೆಚ್ಚಾಗಿ ನಾಲ್ಕರ ಎಣಿಕೆಯವು. ಎಂಟು ಮಾತ್ರೆಯ ಕೆಹರ್ವಾ ಹಾಡಿಗೆ ಒಗ್ಗುತ್ತವೆ. ಆರರ ದಾದ್ರಾ, ಏಳರ ರೂಪಕ್ ಬಂದರೆ ಕೈಕೊಡುತ್ತವೆ. ನೀವು ನುಡಿಸುವ ಹತ್ತು ಹಾಡಿನ ತಾಳ ಚೀಟಿಯಲ್ಲಿ ಬರೆದುಕೊಂಡು ಅಂಗಡಿಗೆ ಹೋಗಿ.

ಎರಡನೆಯದು, ಕೆಳಗಿನ ಸ್ವರ. ಬೇಸಿನ ದಪ್ಪ ತಂತಿ ಸೆಕೆಂಡಿಗೆ ಸುಮಾರು 41 ಸಲ ಕಂಪಿಸುತ್ತದೆ. ಮೊಬೈಲಿನ ಪುಟ್ಟ ಸ್ಪೀಕರಿಗೆ ಆ ದನಿ ತೆಗೆಯುವ ತಾಕತ್ತಿಲ್ಲ. ತಬಲಾದ ಡಗ್ಗಾ, ಡ್ರಮ್ಮಿನ ಕಿಕ್ ಕೂಡ ಅದರಲ್ಲಿ ಸೊರಗುತ್ತವೆ. ಬೇಸಿನವನು ಹಿಡಿಯಬೇಕಾದ ಪೆಟ್ಟೇ ಕೇಳದಿದ್ದರೆ ಅಭ್ಯಾಸ ಯಾತಕ್ಕೆ? ತಂತಿ ಇರುವ ಹೆಡ್‌ಫೋನ್ ಬಳಸಿ. ಗಿಟಾರಿನ ದನಿಯನ್ನು ಬ್ಲೂಟೂತ್ ಮೂಲಕ ಕೇಳಿದರೆ ಬೆರಳು ಮೀಟಿದ ಮೇಲೆ ತಡವಾಗಿ ಕಿವಿಗೆ ಬರುತ್ತದೆ, ಲಯ ಕೆಡುತ್ತದೆ.

ಮೂರನೆಯದು, ಕರೆಂಟು. ಮಾಮೂಲಿ ಸೆಲ್ ಹಾಕುವಂಥದ್ದಾದರೆ ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತವೆ. ಬೇರೆ ಬಗೆಯ ಚಾರ್ಜರ್ ಬೇಕಾದ ಯಂತ್ರಕ್ಕೆ ಚಾರ್ಜರ್ ಕೆಟ್ಟರೆ ಪೇಟೆಗೆ ಓಡಬೇಕು.

ನಾಲ್ಕನೆಯದು, ಬೆರಳು. ತಿರುಗಿಸುವ ಗುಂಡಿ ಇರುವ ಯಂತ್ರವನ್ನು ಕಣ್ಣು ಕಾಣದವರು ಸ್ಪರ್ಶದಿಂದಲೇ ನಡೆಸಬಹುದು. ನುಣುಪು ಗಾಜಿನ ಪರದೆಯ ಮೇಲೆ ಗುಂಡಿ ಎಲ್ಲಿದೆ ಎಂದು ಬೆರಳಿಗೆ ತಿಳಿಯುವುದಿಲ್ಲ. ಅಂಧ ಗವಾಯಿಗಳ ಪರಂಪರೆ ಇರುವ ನಮ್ಮ ಸೀಮೆಯಲ್ಲಿ ಇದು ಸಣ್ಣ ಮಾತಲ್ಲ. ಭಜನಾ ಮಂಡಳಿಗೆ ಎಲ್ಲರೂ ಸೇರಿ ಒಂದು ಪೆಟ್ಟಿಗೆ ಕೊಳ್ಳುವಾಗ ಇದನ್ನು ನೋಡಲೇಬೇಕು.

ಐತಬಲಾ ಪ್ರೊನಂಥ ಆ್ಯಪ್‌ಗಳು ಈಗ ತಂಬೂರಿ, ತಬಲಾ ಎರಡನ್ನೂ ಮೊಬೈಲಿಗೆ ತಂದಿವೆ. ಕೈಯಲ್ಲಿ ಮೊಬೈಲ್ ಇದ್ದವರು ಒಂದೆರಡು ತಿಂಗಳು ಆ್ಯಪ್ ಹಾಕಿ ನೋಡಿ, ಅದು ಸಾಲದು ಅನ್ನಿಸಿದ ಮೇಲೆ ಪೆಟ್ಟಿಗೆಗೆ ರೊಕ್ಕ ಹಾಕಿದರೆ ನಷ್ಟ ಇಲ್ಲ.

ಯಂತ್ರ ಬಂದರೆ ತಬಲಾದವನ ಹೊಟ್ಟೆಯ ಗತಿ ಏನು ಎಂಬ ಪ್ರಶ್ನೆ ನ್ಯಾಯವಾದದ್ದೇ. ಹೊಸ ವಾದ್ಯದ ಮೇಲೆ ಅನುಮಾನ ಮೊದಲಿಂದಲೂ ಇದೆ. ಹೊರಗಿನಿಂದ ಬಂದ ಪೇಟಿಯನ್ನು ಆಕಾಶವಾಣಿ 1940ರಿಂದ ಸುಮಾರು ಮೂವತ್ತು ವರ್ಷ ದೂರ ಇಟ್ಟಿತ್ತು. ಇವತ್ತು ಪೇಟಿ ಇಲ್ಲದ ಭಜನೆಯೇ ಇಲ್ಲ. ಆದರೆ ಪೇಟಿಗೂ ತಾಳದ ಪೆಟ್ಟಿಗೆಗೂ ದೊಡ್ಡ ಅಂತರ ಇದೆ. ಪೇಟಿಯನ್ನು ನುಡಿಸಲು ಮನುಷ್ಯ ಬೇಕು. ತಾಳದ ಪೆಟ್ಟಿಗೆಗೆ ಬೇಡ.

ಪೆಟ್ಟಿಗೆ ಲಯ ಬಿಡುವುದಿಲ್ಲ, ಅದು ಅದರ ಗುಣ. ನಿಮ್ಮನ್ನು ಕೇಳಿಸಿಕೊಳ್ಳುವುದಿಲ್ಲ, ಅದು ಅದರ ದೋಷ. ಹಾಡುವವನು ಭಾವಕ್ಕೆ ಸಿಕ್ಕು ಒಂದು ಸಾಲನ್ನು ಎಳೆದರೆ ತಬಲಾದವನು ಕಣ್ಣಲ್ಲೇ ನೋಡಿ ತಾನೂ ನಿಧಾನಿಸುತ್ತಾನೆ. ಪೆಟ್ಟಿಗೆ ತನ್ನ ಪಾಡಿಗೆ ಮುಂದೆ ಹೋಗುತ್ತದೆ. ಹಾಗಾಗಿ ಮನೆಯ ಅಭ್ಯಾಸಕ್ಕೆ ಪೆಟ್ಟಿಗೆ ಇರಲಿ. ಶ್ರಾವಣದ ಭಜನೆಗೆ, ಜಾತ್ರೆಯ ವೇದಿಕೆಗೆ ಊರಿನ ತಬಲಾದವನನ್ನೇ ಕರೆಯಿರಿ. ಅವನ ಮನೆಯ ಹುಡುಗ ಕಲಿಯುತ್ತಿದ್ದರೆ ವಾರಕ್ಕೊಂದು ಸಂಜೆ ನಿಮ್ಮ ಬೇಸ್ ಒಯ್ದು ಅವನ ಎದುರು ಕೂತು ಲೆಹರಾ ಕೊಡಿ. ಅವನ ಕೈಯೂ ಕೂಡುತ್ತದೆ, ನಿಮ್ಮ ಕೈಯೂ ಕೂಡುತ್ತದೆ.