ಡೈನಮೋ ಹೋಗಿ ಆಲ್ಟರ್ನೇಟರ್ ಬಂದ ಬಗೆ

ರಾತ್ರಿ ದೇವದುರ್ಗದಿಂದ ರಾಯಚೂರಿಗೆ ಹೊರಟ ಹಳೆಯ ಕಾರಿನ ದೀಪಗಳು ದಾರಿಯಲ್ಲಿ ಮಂಕಾದವು ಎಂದುಕೊಳ್ಳಿ. ಮೆಕ್ಯಾನಿಕ್ ಬಾನೆಟ್ ಎತ್ತಿ, ಎಂಜಿನ್ ಓಡುತ್ತಿರುವಾಗಲೇ ಬ್ಯಾಟರಿಯ ವೈರನ್ನು ಕಳಚುತ್ತಾನೆ. ಎಂಜಿನ್ ನಿಂತರೆ ಆಲ್ಟರ್ನೇಟರ್ ಕೆಟ್ಟಿದೆ, ನಿಲ್ಲದಿದ್ದರೆ ಸರಿಯಿದೆ ಎಂಬುದು ಅವನ ಲೆಕ್ಕ. ಆದರೆ ಸರಿಯಾಗಿದ್ದ ಆಲ್ಟರ್ನೇಟರನ್ನೂ ಈ ಪರೀಕ್ಷೆ ಕೆಡಿಸಬಲ್ಲದು. ಕಾರಣ ತಿಳಿಯಲು ಇತಿಹಾಸಕ್ಕೆ ಹೋಗಬೇಕು.

ವಿದ್ಯುತ್ಕಾಂತೀಯ ಪ್ರೇರಣೆಯನ್ನು ಮೈಕೆಲ್ ಫ್ಯಾರಡೆ 1831ರಲ್ಲಿ ಕಂಡುಹಿಡಿದ. ಮರುವರ್ಷ ಪ್ಯಾರಿಸ್ಸಿನ ಹಿಪೊಲಿಟ್ ಪಿಕ್ಸಿ ಕಾಂತವನ್ನು ತಿರುಗಿಸಿ ವಿದ್ಯುತ್ ಪಡೆದ. ದೊರೆತದ್ದು ಪರ್ಯಾಯ ವಿದ್ಯುತ್. ಅಂದು ಅದರ ಉಪಯೋಗ ಯಾರಿಗೂ ತೋಚಲಿಲ್ಲ. ಆಂಪಿಯರನ ಸಲಹೆಯಂತೆ ಕಮ್ಯುಟೇಟರ್ ಜೋಡಿಸಿ ಪ್ರವಾಹವನ್ನು ಒಂದೇ ದಿಕ್ಕಿಗೆ ತಿರುಗಿಸಲಾಯಿತು. ಡೈನಮೋದ ಹಾದಿ ಹೀಗೆ ತೆರೆಯಿತು.

ಶತಮಾನದ ಕೊನೆಗೆ ಪರ್ಯಾಯ ವಿದ್ಯುತ್ತು ಗೆದ್ದಿತು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿದದ್ದು ಅದೇ. ಕಾರು ಮಾತ್ರ ಹಿಂದುಳಿಯಿತು. 1912ರ ಕ್ಯಾಡಿಲಾಕ್ ಕಾರಿಗೆ ವಿದ್ಯುತ್ ಸ್ಟಾರ್ಟರ್ ಬಂದ ಮೇಲೆ ಬ್ಯಾಟರಿ ಅನಿವಾರ್ಯವಾಯಿತು. ಬ್ಯಾಟರಿ ತುಂಬಲು ಬೇಕಾದದ್ದು ನೇರ ವಿದ್ಯುತ್. ಆದ್ದರಿಂದ ಕಾರಿನಲ್ಲಿ ಡೈನಮೋ ಇನ್ನೂ ಅರ್ಧ ಶತಮಾನ ಉಳಿಯಿತು.

ಡೈನಮೋದಲ್ಲಿ ಉತ್ಪಾದನೆಯ ಸುರುಳಿಯೇ ತಿರುಗುತ್ತದೆ. ಹೊರಬರುವ ಪ್ರವಾಹವೆಲ್ಲ ಕಮ್ಯುಟೇಟರ್ ಮತ್ತು ಕಾರ್ಬನ್ ಬ್ರಷ್‌ಗಳ ಮೂಲಕವೇ ಹಾಯಬೇಕು. ಕಿಡಿ ಹಾರುತ್ತದೆ, ಬ್ರಷ್ ಸವೆಯುತ್ತದೆ. ಎಂಜಿನ್ ನಿಧಾನವಾಗಿ ಓಡುವಾಗ ಚಾರ್ಜ್ ಆಗುವುದೇ ಇಲ್ಲ.

ಆಲ್ಟರ್ನೇಟರಿನದು ಇದರ ತದ್ವಿರುದ್ಧ ರಚನೆ. ಕಾಂತಕ್ಷೇತ್ರ ತಿರುಗುತ್ತದೆ, ಉತ್ಪಾದನೆಯ ಸುರುಳಿಗಳು ಸ್ಥಿರವಾಗಿರುತ್ತವೆ. ಬ್ರಷ್‌ಗಳ ಪಾಲಿಗೆ ಬರುವುದು ಕಾಂತಕ್ಕೆ ಬೇಕಾದ ಕೆಲವೇ ಆಂಪಿಯರ್. ರಾಯಚೂರಿನ ಬಳಿ ಶಕ್ತಿನಗರದಲ್ಲಿ 1985ರಲ್ಲಿ ಚಾಲನೆಗೊಂಡ 210 ಮೆಗಾವಾಟ್ ಘಟಕದ ಜನರೇಟರಿನಲ್ಲೂ ತಿರುಗುವುದು ಕಾಂತಕ್ಷೇತ್ರವೇ. ಅಲ್ಲಿ ಪರ್ಯಾಯ ವಿದ್ಯುತ್ತನ್ನು ಹಾಗೆಯೇ ಜಾಲಕ್ಕೆ ಕಳುಹಿಸಬಹುದು. ಕಾರಿನಲ್ಲಾದರೋ ಅದನ್ನು ನೇರ ವಿದ್ಯುತ್ತಾಗಿ ಪರಿವರ್ತಿಸಬೇಕು.

ಅದಕ್ಕೆ ಮೊದಲು ಬಳಸಿದ ಸೆಲೆನಿಯಂ ಫಲಕಗಳು ಗಾತ್ರದಲ್ಲಿ ದೊಡ್ಡವು, ಶಾಖ ತಾಳಲಾರದವು. 1950ರ ದಶಕದ ಸಿಲಿಕಾನ್ ಡಯೋಡ್ ಈ ತೊಡಕನ್ನು ಬಿಡಿಸಿತು. ಆರು ಡಯೋಡ್‌ಗಳು ಆಲ್ಟರ್ನೇಟರಿನ ಒಡಲಲ್ಲೇ ಹಿಡಿಸಿದವು. 1960ರ ಮಾದರಿಯ ಕ್ರೈಸ್ಲರ್ ವೇಲಿಯಂಟ್ ಕಾರು ಆಲ್ಟರ್ನೇಟರಿನೊಂದಿಗೇ ಮಾರುಕಟ್ಟೆಗೆ ಬಂದಿತು. ನಮ್ಮ ಅಂಬಾಸಿಡರ್ ಕಾರುಗಳಲ್ಲಿ ಮೊದಲು ಡೈನಮೋ ಇತ್ತು, ಮುಂದೆ ಆಲ್ಟರ್ನೇಟರ್ ಬಂದಿತು.

ಯಂತ್ರ ಬದಲಾಯಿತು, ಪರೀಕ್ಷೆ ಬದಲಾಗಲಿಲ್ಲ. ಡೈನಮೋದಲ್ಲಿ ಅರೆವಾಹಕವೇ ಇರಲಿಲ್ಲ. ವೈರ್ ಕಳಚಿದರೂ ಸುಡಲು ಡಯೋಡ್ ಇರಲಿಲ್ಲ. ಆಲ್ಟರ್ನೇಟರಿನಲ್ಲಿ ಬ್ಯಾಟರಿಯು ವೋಲ್ಟೇಜಿನ ಏರಿಳಿತವನ್ನು ನುಂಗುವ ಮೆತ್ತೆಯೂ ಹೌದು. ಅದನ್ನು ಥಟ್ಟನೆ ತೆಗೆದರೆ, ಸುರುಳಿಯ ಸ್ವಪ್ರೇರಣೆಯಿಂದಾಗಿ ಕಾಂತದ ಪ್ರವಾಹ ಒಡನೆ ಇಳಿಯದು. ಆ ಕ್ಷಣದಲ್ಲಿ ವೋಲ್ಟೇಜು 14ರಿಂದ ಹಲವು ಪಟ್ಟು ನೆಗೆದು ಡಯೋಡನ್ನೋ ರೆಗ್ಯುಲೇಟರನ್ನೋ ಸುಡಬಹುದು.

ಸರಿಯಾದ ಪರೀಕ್ಷೆಗೆ ಒಂದು ವೋಲ್ಟ್‌ಮೀಟರ್ ಸಾಕು. ಎಂಜಿನ್ ನಿಂತಿರುವಾಗ ಪೂರ್ಣ ಚಾರ್ಜ್ ಆದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸುತ್ತದೆ. ಎಂಜಿನ್ ಓಡುವಾಗ 13.8ರಿಂದ 14.4 ಇರಬೇಕು. ಏರದಿದ್ದರೆ ಮೊದಲು ಬೆಲ್ಟ್, ವೈರಿನ ಜೋಡಣೆ, ಬ್ರಷ್‌ಗಳನ್ನು ನೋಡಬೇಕು. ರಾಯಚೂರು ಸೀಮೆಯ ಬೇಸಿಗೆಯಲ್ಲಿ ಗಾಳಿಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಗಾಳಿಕಿಂಡಿಗಳಲ್ಲಿ ಧೂಳು ಕಟ್ಟಿಕೊಂಡರೆ ಡಯೋಡ್‌ಗಳು ಇನ್ನಷ್ಟು ಕಾಯುತ್ತವೆ.

ದಾರಿಯಲ್ಲೇ ಕೆಂಪು ದೀಪ ಹೊತ್ತಿದರೆ? ಹೆಡ್‌ಲೈಟ್‌ಗಳಿಗೆ 110 ವಾಟ್, ಇಗ್ನಿಷನ್ ಮತ್ತಿತರ ದೀಪಗಳಿಗೆ ಸುಮಾರು 60 ವಾಟ್ ಎಂದರೆ 12 ವೋಲ್ಟಿಗೆ 14 ಆಂಪಿಯರ್. 40 ಆಂಪಿಯರ್-ಗಂಟೆಯ ಹೊಸ ಬ್ಯಾಟರಿ ಲೆಕ್ಕಕ್ಕೆ ಮೂರು ಗಂಟೆಯೊಳಗೆ ಬರಿದಾಗುತ್ತದೆ, ಹಳೆಯದು ಇನ್ನೂ ಬೇಗ. ರೇಡಿಯೋ, ಫ್ಯಾನ್ ಆರಿಸಿ. ಎಂಜಿನ್ ಬಿಸಿಯಾಗದೆ ಓಡುತ್ತಿದ್ದರೆ ಅದನ್ನು ನಿಲ್ಲಿಸದೆ ಹತ್ತಿರದ ಊರು ಸೇರಿ. ಮತ್ತೆ ಸ್ಟಾರ್ಟ್ ಮಾಡಲು ನೂರಕ್ಕೂ ಹೆಚ್ಚು ಆಂಪಿಯರ್ ಬೇಕಾದೀತು.

ರಾಯಚೂರಿನದಾಗಲಿ ಮಾನ್ವಿಯದಾಗಲಿ, ಗುಜರಿ ಅಂಗಡಿಯಿಂದ ಕೆಟ್ಟ ಆಲ್ಟರ್ನೇಟರೊಂದನ್ನು ತಂದು ಶಾಲೆಯಲ್ಲಿ ಬಿಚ್ಚಿ ತೋರಿಸಬಹುದು. ಫ್ಯಾರಡೆಯ ನಿಯಮವೂ ಅರೆವಾಹಕವೂ ಅದರಲ್ಲಿ ಒಟ್ಟಿಗೆ ಕಾಣುತ್ತವೆ. ಆರು ಡಯೋಡ್‌ಗಳಲ್ಲಿ ಸುಟ್ಟದ್ದು ಯಾವುದು ಎಂದು ವಿದ್ಯಾರ್ಥಿಗಳೇ ಮಲ್ಟಿಮೀಟರ್ ಹಿಡಿದು ಪತ್ತೆ ಮಾಡಲಿ.